ಪ್ಯಾಕೆಟ್ ರೇಡಿಯೋಗೆ ಏನು ಕೊಳ್ಳಬೇಕು? ಮೊದಲು ಎದುರಿಗೆ ಯಾರಿದ್ದಾರೆ ನೋಡಿ

ಬೀದರದಿಂದ ಅಕ್ಕನ ಮಗ ಫೋನ್ ಮಾಡಿದ್ದ. ಹ್ಯಾಮ್ ಲೈಸೆನ್ಸ್, ಅಂದರೆ ಹವ್ಯಾಸಕ್ಕೆ ರೇಡಿಯೋ ನಡೆಸುವ ಪರವಾನಗಿ, ಕೈಗೆ ಬಂದು ಎಂಟು ದಿನ ಆಗಿತ್ತು. ಹುಡುಗನಿಗೆ ನಿದ್ದೆ ಹತ್ತುತ್ತಿರಲಿಲ್ಲ ಅಂತ ಕಾಣುತ್ತದೆ.

"ಮಾಮಾ, ಹದಿನೈದು ಸಾವಿರ ಕೂಡಿಸೀನ್ರಿ. ಪ್ಯಾಕೆಟ್ ಮಾಡ್ಬೇಕು. ಏನ್ ತಗೋಳ್ಲಿ?"

"ಅದಿರ್ಲಿ. ನೀ ಮಾತಾಡೂದು ಯಾರ ಜೋಡಿ?"

"ನಿಮ್ಮ ಜೋಡೀನೇ ರೀ."

"ನಾ ಕಲಬುರಗಿಯಾಗ ಅದೀನಿ ತಮ್ಮಾ. ನಿನ್ನ ಸೆಟ್ಟು ಅಲ್ಲಿಂದ ಇಲ್ಲೀತನ ಮುಟ್ಟಂಗಿಲ್ಲ."

ಹೊಸದಾಗಿ ಪ್ಯಾಕೆಟ್‌ಗೆ ಇಳಿಯುವ ಎಲ್ಲರೂ ಇಲ್ಲೇ ಎಡವುತ್ತಾರೆ, ನಾನೂ ಎಡವಿದ್ದೆ. ಯಾವ ಸೆಟ್ಟು, ಯಾವ ಸಾಫ್ಟ್‌ವೇರ್ ಅಂತ ವಾರಗಟ್ಟಲೆ ತಲೆ ಕೆಡಿಸಿಕೊಳ್ಳುತ್ತೇವೆ. ಕೊಂಡು ತಂದು ಜೋಡಿಸಿ ಮೊದಲ ಪ್ಯಾಕೆಟ್ ಹಾರಿಸಿದ ಮೇಲೆ ಗೊತ್ತಾಗುತ್ತದೆ, ಕೇಳುವವರೇ ಇಲ್ಲ. ಬೆಂಗಳೂರಿನವರಿಗೆ, ಹೈದರಾಬಾದಿನವರಿಗೆ ಈ ಸಮಸ್ಯೆ ಅಷ್ಟಿಲ್ಲ. ಕಲಬುರಗಿ, ಬೀದರ, ಯಾದಗಿರಿ ಕಡೆ ಹ್ಯಾಮ್‌ಗಳು ದೂರ ದೂರ ಇದ್ದಾರೆ, ಹೀಗಾಗಿ ಎದುರಿಗೆ ಇರುವವರನ್ನು ಗೊತ್ತು ಮಾಡಿಕೊಂಡೇ ಸಾಮಾನು ಆರಿಸಬೇಕು.

ಹೊಸಬರಿಗಾಗಿ ಒಂದು ಮಾತು. ಪ್ಯಾಕೆಟ್ ಅಂದರೆ ನಾವು ಟೈಪ್ ಮಾಡಿದ್ದನ್ನು ಸಣ್ಣ ಸಣ್ಣ ಕಟ್ಟುಗಳಾಗಿ ಮಾಡಿ, ಪ್ರತಿ ಕಟ್ಟಿನ ಮೇಲೆ ಕಳಿಸುವವರ ಮತ್ತು ತಲುಪಬೇಕಾದವರ ಕಾಲ್‌ಸೈನ್ (ಲೈಸೆನ್ಸಿನ ಜೊತೆ ಸಿಗುವ ಗುರುತಿನ ಹೆಸರು) ಬರೆದು, ಅದನ್ನು ದನಿಯಾಗಿಸಿ ರೇಡಿಯೋದಲ್ಲಿ ಬಿಡುವುದು. 1200 ಬಾಡ್, ಅಂದರೆ ಸೆಕೆಂಡಿಗೆ 1200 ಬಿಟ್ ವೇಗದ ಪ್ಯಾಕೆಟ್‌ನಲ್ಲಿ ಎರಡೇ ಸ್ವರ: 1200 ಹರ್ಟ್ಸ್, 2200 ಹರ್ಟ್ಸ್. ಕಿವಿಗೆ ಕೇಳಿದರೆ ಹಳೆಯ ಫ್ಯಾಕ್ಸ್ ಕೆಮ್ಮಿದ ಹಾಗೆ. ಆ ಕಡೆಯವರು ಕಟ್ಟು ಬಿಚ್ಚಿ ಲೆಕ್ಕ ತಾಳೆ ನೋಡುತ್ತಾರೆ, ಒಂದು ಬಿಟ್ ತಪ್ಪಿದ್ದರೂ ಇಡೀ ಕಟ್ಟು ಕಸಕ್ಕೆ. ಈ ಕಟ್ಟು ಕಟ್ಟುವ ನಿಯಮಕ್ಕೆ ಎಎಕ್ಸ್.25 ಅಂತ ಹೆಸರು. 1978ರಲ್ಲಿ ಕೆನಡಾದ ಮಾಂಟ್ರಿಯಲ್‌ನಲ್ಲಿ ಹ್ಯಾಮ್‌ಗಳು ಮೊದಲ ಪ್ಯಾಕೆಟ್ ಕಳಿಸಿದರು. ಮುಂದೆ ಅಮೆರಿಕದ ಟಾಪರ್ ಎನ್ನುವ ಹವ್ಯಾಸಿಗಳ ಗುಂಪು ಈ ಕಟ್ಟು ಕಟ್ಟಿ ಬಿಚ್ಚುವ ಟಿಎನ್‌ಸಿ ಎಂಬ ಪೆಟ್ಟಿಗೆಯನ್ನು ಮನೆಮಾತು ಮಾಡಿತು. ಆ ಪೆಟ್ಟಿಗೆಯ ಕೆಲಸವನ್ನು ಈಗ ನಿಮ್ಮ ಲ್ಯಾಪ್‌ಟಾಪಿನ ಸೌಂಡ್ ಕಾರ್ಡ್ ಹಿಡಿದು ಒಂದು ಸಾಫ್ಟ್‌ವೇರ್ ಮಾಡುತ್ತದೆ. ಇಷ್ಟು ಸಾಕು, ಮುಂದೆ ಹೋಗೋಣ.

ಎಲ್ಲಿತನಕ ಮುಟ್ಟುತ್ತದೆ

ನಮ್ಮ ಕಡೆ ನೆಲ ಸಪಾಟು. ತೊಗರಿ ಹೊಲದಲ್ಲಿ ನಿಂತರೆ ಜಗತ್ತಿನ ತುದಿ ಕಂಡ ಹಾಗಿರುತ್ತದೆ, ಆದರೆ ರೇಡಿಯೋಗೆ ಆ ತುದಿ ಬಹಳ ಹತ್ತಿರ. ನಾವು ಪ್ಯಾಕೆಟ್ಟಿಗೆ ಬಳಸುವ 2 ಮೀಟರ್ ಬ್ಯಾಂಡಿನ (145 ಮೆಗಾಹರ್ಟ್ಸ್ ಆಸುಪಾಸಿನ) ಅಲೆ ಹೆಚ್ಚುಕಮ್ಮಿ ದಿಗಂತದ ತನಕ ಹೋಗುತ್ತದೆ. ಲೆಕ್ಕ ಸುಲಭ: ಆಂಟೆನಾ ನೆಲದಿಂದ ಎಷ್ಟು ಮೀಟರ್ ಮೇಲಿದೆ ನೋಡಿ, ಅದರ ವರ್ಗಮೂಲವನ್ನು 4.12ರಿಂದ ಗುಣಿಸಿ. ಎರಡೂ ಕಡೆಯದನ್ನು ಕೂಡಿಸಿದರೆ ಕಿಲೋಮೀಟರಿನಲ್ಲಿ ದೂರ ಸಿಗುತ್ತದೆ. ಇಬ್ಬರೂ ಮಾಳಿಗೆಯ ಮೇಲೆ 12 ಮೀಟರ್ ಎತ್ತರದಲ್ಲಿ ಆಂಟೆನಾ ಕಟ್ಟಿದರೆ 28 ಕಿಲೋಮೀಟರ್. ಒಬ್ಬರು ಸೆಟ್ಟು ಕೈಯಲ್ಲಿ ಹಿಡಿದು ರಸ್ತೆಯಲ್ಲಿ ನಿಂತರೆ ಅದು 19ಕ್ಕೆ ಇಳಿಯುತ್ತದೆ. ನಡುವೆ ಕಟ್ಟಡ, ಗುಡ್ಡ ಇದ್ದರೆ ಇನ್ನೂ ಕಮ್ಮಿ.

ಬೀದರ–ಕಲಬುರಗಿ ನಡುವೆ ನೇರ ಗೆರೆ ಎಳೆದರೆ ಸುಮಾರು 100 ಕಿಲೋಮೀಟರ್. ಬೀದರ ಎತ್ತರದಲ್ಲಿದೆ, ಒಪ್ಪಿದೆ. ಹುಡುಗ ಆ ಎತ್ತರದ ಅಂಚಿಗೇ ಬಂದು ನಿಂತು 200 ಮೀಟರ್ ಲಾಭ ಪಡೆದ ಅಂತಲೇ ಹಿಡಿಯಿರಿ, ಆಗಲೂ ಲೆಕ್ಕ 72ಕ್ಕೆ ನಿಲ್ಲುತ್ತದೆ. ಹದಿನೈದು ಸಾವಿರವಲ್ಲ, ಐವತ್ತು ಸಾವಿರದ ಸೆಟ್ಟು ತಂದರೂ ಭೂಮಿಯ ಗುಂಡು ಮೈ ಸರಿಯುವುದಿಲ್ಲ.

ಹೀಗಾಗಿ ನಮ್ಮ ಭಾಗದಲ್ಲಿ ಎದುರಿಗೆ ಸಿಗುವವರು ಮೂರೇ ತರಹ. ಅದೇ ಊರಿನ ಗೆಳೆಯ. ಆಕಾಶದಲ್ಲಿರುವ ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಇಲ್ಲವೇ ದೊಡ್ಡ ಊರಿನ ಕಡೆ ಪ್ರಯಾಣ ಹೊರಟಾಗ ದಾರಿಯಲ್ಲಿ ಕಿವಿಗೆ ಬೀಳುವ ಎಪಿಆರ್‌ಎಸ್ ಸ್ಟೇಷನ್‌ಗಳು. ಎಪಿಆರ್‌ಎಸ್ ಅಂದರೆ ನಿಮ್ಮ ಜಾಗ, ಹವಾಮಾನ, ಚಿಕ್ಕ ಸಂದೇಶಗಳನ್ನು ಎಲ್ಲರಿಗೂ ಕೇಳುವ ಹಾಗೆ ಬಿಡುವ ಪದ್ಧತಿ, ಬಾಬ್ ಬ್ರೂನಿಂಗಾ ಎಂಬ ಅಮೆರಿಕದ ಹ್ಯಾಮ್ ರೂಪಿಸಿದ್ದು.

ಇನ್ನೊಂದು ಗುಂಪು ಇದೆ, ಅವರಿಗೆ ಪ್ಯಾಕೆಟ್ ಬೇಕಾಗಿಯೇ ಇಲ್ಲ. ಜೇವರ್ಗಿ ಕಡೆಯ ಒಬ್ಬರು ಕೇಳಿದ್ದರು, ಹೊಲದ ಮನೆಗೂ ಊರ ಮನೆಗೂ ನಡುವೆ ಫೋನ್ ಇಲ್ಲದೆ ಮೆಸೇಜ್ ಹೋಗಬೇಕು ಅಂತ. ಅವರಿಗೆ ನಾನು ಲೋರಾ ಬೋರ್ಡು ತಗೊಳ್ಳಿ ಅಂದೆ, ಚಿಕ್ಕ ಸಂದೇಶಗಳನ್ನು ಕಮ್ಮಿ ಕರೆಂಟಿನಲ್ಲಿ ದೂರ ಕಳಿಸುವ ಪುಟ್ಟ ರೇಡಿಯೋ ಅದು. 865ರಿಂದ 867 ಮೆಗಾಹರ್ಟ್ಸ್ ನಮ್ಮ ದೇಶದಲ್ಲಿ ಲೈಸೆನ್ಸ್ ಇಲ್ಲದೆ ಬಳಸಬಹುದಾದ ಪಟ್ಟಿ, ಮೆಶ್‌ಟಾಸ್ಟಿಕ್ ಸಾಫ್ಟ್‌ವೇರಿನಲ್ಲಿ ಭಾರತ ಅಂತ ಆರಿಸಿದರೆ ಅಲ್ಲೇ ಹೋಗಿ ಕೂರುತ್ತದೆ. ಪರೀಕ್ಷೆ ಬೇಡ, ಸಂದೇಶ ಗುಟ್ಟಾಗಿಯೂ ಇಡಬಹುದು. ಹ್ಯಾಮ್ ಬ್ಯಾಂಡಿನಲ್ಲಿ ಗುಟ್ಟು ಮಾಡುವ ಹಾಗಿಲ್ಲ, ವ್ಯಾಪಾರದ ಮಾತೂ ಆಡುವ ಹಾಗಿಲ್ಲ. ಆದರೆ ಒಂದು ಎಚ್ಚರಿಕೆ: ಲೋರಾ ಎಪಿಆರ್‌ಎಸ್ ಅಂತ ಬೇರೊಂದಿದೆ. ಯುರೋಪಿನವರು ಬರೆದ ಅದರ ಫರ್ಮ್‌ವೇರ್ 433.775 ಮೆಗಾಹರ್ಟ್ಸ್‌ಗೆ ಹೊಂದಿಕೊಂಡೇ ಬರುತ್ತದೆ. ನಮ್ಮ ಹ್ಯಾಮ್ ಬ್ಯಾಂಡ್ ಶುರುವಾಗುವುದೇ 434ರಿಂದ. ಹಾಗೇ ಆನ್ ಮಾಡಿದಿರೋ, ಲೈಸೆನ್ಸ್ ಇದ್ದೂ ಬ್ಯಾಂಡಿನ ಹೊರಗೆ ನಿಂತ ಹಾಗೆ.

ರೂಪಾಯಿ ಖರ್ಚಿಲ್ಲದ ದಾರಿ

ಲೈಸೆನ್ಸ್ ಇನ್ನೂ ಬಾರದವರು ಸುಮ್ಮನೆ ಕೂರಬೇಕಿಲ್ಲ. ಎರಡು ಲ್ಯಾಪ್‌ಟಾಪ್ ತಗೊಳ್ಳಿ, ಎರಡಕ್ಕೂ ಡೈರ್ ವುಲ್ಫ್ ಎಂಬ ಪ್ಯಾಕೆಟ್ ಸಾಫ್ಟ್‌ವೇರ್ ಹಾಕಿ, ಮೇಜಿನ ಮೇಲೆ ಎದುರುಬದುರು ಇಡಿ. ಒಂದರ ಸ್ಪೀಕರ್ ಕೂಗಿದ್ದನ್ನು ಇನ್ನೊಂದರ ಮೈಕು ಕೇಳುತ್ತದೆ. ರೇಡಿಯೋನೇ ಇಲ್ಲ, ಗಾಳಿಯಲ್ಲಿ ಬರೀ ಶಬ್ದ. ಫ್ಯಾನ್ ಬಂದ್ ಮಾಡಿ, ಲ್ಯಾಪ್‌ಟಾಪಿನ ಮೈಕಿಗೆ ಗದ್ದಲ ತಗ್ಗಿಸುವ ಸೌಲಭ್ಯ ಇದ್ದರೆ ಅದನ್ನೂ ತೆಗೆಯಿರಿ, ಇಲ್ಲವಾದರೆ ಅದು ಪ್ಯಾಕೆಟ್ಟನ್ನೇ ಗದ್ದಲ ಅಂತ ಅಳಿಸಿಬಿಡುತ್ತದೆ. ನಮ್ಮ ಮನೆಯಲ್ಲಿ ಇದನ್ನು ಮಾಡಿದ ದಿನ ಅಡುಗೆಮನೆಯಿಂದ "ಏನದು ಕರ್ರ್ ಅಂತದ?" ಅಂತ ಕೂಗು ಬಂತು, ಆ ಕೂಗಿಗೆ ಒಂದು ಪ್ಯಾಕೆಟ್ ಕೆಟ್ಟಿತು. ಪ್ಯಾಕೆಟ್ ಯಾಕೆ ಕೆಡುತ್ತದೆ ಅಂತ ಅಷ್ಟು ಸ್ಪಷ್ಟವಾಗಿ ಬೇರೆ ಎಲ್ಲೂ ಕಲಿಯಲಿಲ್ಲ.

ಈ ಮಧ್ಯೆ ದೂರಸಂಪರ್ಕ ಇಲಾಖೆಯ ಸರಳ್ ಸಂಚಾರ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಿ ಪರೀಕ್ಷೆಗೆ ಕೂಡಬಹುದು. ಎರಡು ದರ್ಜೆ ಇವೆ, ಜನರಲ್ ಮತ್ತು ರಿಸ್ಟ್ರಿಕ್ಟೆಡ್. ಮೋರ್ಸ್ ಬೇಡ ಅನ್ನುವವರು ರಿಸ್ಟ್ರಿಕ್ಟೆಡ್ ಬರೆಯುತ್ತಾರೆ, ಅವರ ಕಾಲ್‌ಸೈನ್ ವಿಯು3ರಿಂದ ಶುರುವಾಗುತ್ತದೆ. ನಮ್ಮ ಕಡೆಯವರಿಗೆ ಹೈದರಾಬಾದ್ ಹತ್ತಿರ, ಹ್ಯಾಮ್ ತರಬೇತಿಗೆ ಹೆಸರಾದ ರಾಷ್ಟ್ರೀಯ ಹವ್ಯಾಸಿ ರೇಡಿಯೋ ಸಂಸ್ಥೆಯೂ ಅಲ್ಲೇ ಇದೆ. ಲೈಸೆನ್ಸ್ ಇಲ್ಲದೆ ಸೆಟ್ಟು ಕೊಂಡು ಇಟ್ಟುಕೊಳ್ಳಬೇಡಿ. ಆನ್‌ಲೈನಿನಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಅದು ಕಾನೂನಿಗೆ ಸರಿ ಅಂತಲ್ಲ.

ಕೈ ಸೆಟ್ಟು, ಕೇಬಲ್ಲು, ಲ್ಯಾಪ್‌ಟಾಪು

ಅಳಿಯನಿಗೆ ನಾನು ಹೇಳಿದ್ದು ಇದನ್ನೇ, ಹೊಸಬರಲ್ಲಿ ಹತ್ತಕ್ಕೆ ಎಂಟು ಜನರಿಗೂ ಇದನ್ನೇ ಹೇಳುತ್ತೇನೆ. ಬೌಫೆಂಗ್ ಯುವಿ-5ಆರ್ ತರಹದ 5 ವಾಟಿನ ಕೈ ಸೆಟ್ಟು, ಯುಎಸ್‌ಬಿ ಸೌಂಡ್ ಕಾರ್ಡ್, ನಡುವೆ ಒಂದು ಕೇಬಲ್. ಸೂಪರ್ ಮಾರ್ಕೆಟ್ ಕಡೆ ನಾನು ಕೊಂಡ ಸೌಂಡ್ ಕಾರ್ಡಿಗೆ ಕೊಟ್ಟಿದ್ದು 250 ರೂಪಾಯಿ. ರೇಡಿಯೋ ಯಾವುದೇ ಇರಲಿ, ಪ್ಯಾಕೆಟ್ ಕೆಡುವುದು ಕೇಬಲ್ಲಿನಲ್ಲಿ ಮತ್ತು ದನಿಯ ಮಟ್ಟದಲ್ಲಿ, ಆದ್ದರಿಂದ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಈ ಸೆಟ್ಟುಗಳ ಪಕ್ಕದಲ್ಲಿ ಎರಡು ತೂತು ಇರುತ್ತವೆ, ಒಂದು ದಪ್ಪ ಜ್ಯಾಕಿಗೆ, ಒಂದು ಸಣ್ಣದಕ್ಕೆ. ಎರಡೂ ಜ್ಯಾಕುಗಳ ಬುಡದ ಭಾಗ ಒಂದಕ್ಕೊಂದು ತಾಗಿದರೆ ಸೆಟ್ಟು ಮಾತಾಡಲು ಶುರು ಮಾಡುತ್ತದೆ. ಪಿಟಿಟಿ, ಅಂದರೆ ಮಾತಾಡುವಾಗ ಒತ್ತುವ ಗುಂಡಿ, ಒತ್ತಿದಾಗ ಆಗುವುದೂ ಅಷ್ಟೇ. ಲ್ಯಾಪ್‌ಟಾಪು ಆ ಎರಡನ್ನು ತಾನೇ ತಾಗಿಸಬೇಕು. ಅದಕ್ಕೆ ಯುಎಸ್‌ಬಿ ಸೀರಿಯಲ್ ಅಡಾಪ್ಟರಿನ ಆರ್‌ಟಿಎಸ್ ಕಾಲಿನಿಂದ ಒಂದು ರೆಸಿಸ್ಟರ್ ಮೂಲಕ ಒಂದು ಬಿಸಿ547 ಟ್ರಾನ್ಸಿಸ್ಟರ್ ಸಾಕು. ಬೆಸುಗೆ ಬಾರದವರು ವಾಕ್ಸ್ ಹಾಕಿಕೊಳ್ಳುತ್ತಾರೆ, ಅಂದರೆ ದನಿ ಬಂದ ಕೂಡಲೇ ಸೆಟ್ಟು ತಾನಾಗಿ ಆನ್ ಆಗುವುದು. ಅದನ್ನು ನಾನು ಒಪ್ಪುವುದಿಲ್ಲ. ವಾಕ್ಸ್ ಏಳುವಷ್ಟರಲ್ಲಿ ಪ್ಯಾಕೆಟ್ಟಿನ ತಲೆ ಹೋಗಿರುತ್ತದೆ, ಮುಗಿದ ಮೇಲೂ ಸೆಟ್ಟು ಸುಮ್ಮನೆ ಹಿಡಿದುಕೊಂಡು ಎದುರಿನವರ ಉತ್ತರಕ್ಕೆ ಅಡ್ಡ ಬರುತ್ತದೆ. ಬೆಸುಗೆಯೂ ಬೇಡ, ಸೆಟ್ಟಿನ ವಾಕ್ಸೂ ಬೇಡ ಅಂದರೆ ಡಿಜಿರಿಗ್ ಅಥವಾ ಸಿಗ್ನಲಿಂಕ್ ಎಂಬ ಸಿದ್ಧ ಸೌಂಡ್ ಕಾರ್ಡ್ ಪೆಟ್ಟಿಗೆ ಕೊಳ್ಳಿ. ಸಿಗ್ನಲಿಂಕ್ ದೊಡ್ಡದು, ಮುಂದೆಯೇ ತಿರುಪು ಗುಂಡಿಗಳಿರುವುದರಿಂದ ದನಿ ಏರಿಸಿ ಇಳಿಸುವುದು ಸಲೀಸು. ಡಿಜಿರಿಗ್ ಬೆಂಕಿಪೊಟ್ಟಣದಷ್ಟು, ಸೀರಿಯಲ್ ಪೋರ್ಟು ಒಳಗೇ ಇರುತ್ತದೆ. ಎರಡರಲ್ಲಿ ಒಂದು ಅಂದರೆ ನಾನು ಡಿಜಿರಿಗ್ ಕಡೆ.

ಯುವಿ-5ಆರ್‌ನಲ್ಲಿ ಕೆಲವು ಮೆನು ಮೊದಲೇ ತಿದ್ದಬೇಕು. 0ರಲ್ಲಿ ಸ್ಕ್ವೆಲ್ಚ್ (ಸಿಗ್ನಲ್ ಇಲ್ಲದಾಗ ದನಿ ಮುಚ್ಚುವುದು) ಸೊನ್ನೆಗೆ, 3ರಲ್ಲಿ ಬ್ಯಾಟರಿ ಉಳಿತಾಯ ಬಂದ್, 4ರಲ್ಲಿ ವಾಕ್ಸ್ ಬಂದ್, 5ರಲ್ಲಿ ಸಿಗ್ನಲಿನ ಅಗಲ ವೈಡ್, 7ರಲ್ಲಿ ಎರಡು ಕಡೆ ಕೇಳುವುದು ಬಂದ್, 39ರಲ್ಲಿ ಮಾತು ಮುಗಿದಾಗ ಬರುವ ಬೀಪ್ ಬಂದ್. ಬ್ಯಾಟರಿ ಉಳಿತಾಯ ಹಾಗೇ ಬಿಟ್ಟರೆ ಸೆಟ್ಟು ತೂಕಡಿಸುತ್ತದೆ, ಎಚ್ಚರಾಗುವಷ್ಟರಲ್ಲಿ ಪ್ಯಾಕೆಟ್ಟು ಅರ್ಧ ಹೋಗಿರುತ್ತದೆ.

ಇನ್ನು ದನಿ. ಡೈರ್ ವುಲ್ಫ್ ಒಂದೊಂದು ಪ್ಯಾಕೆಟ್ ಬಂದಾಗಲೂ ಅದರ ಮಟ್ಟವನ್ನು ಒಂದು ಸಂಖ್ಯೆಯಲ್ಲಿ ತೋರಿಸುತ್ತದೆ, ಪಕ್ಕದ ಆವರಣದಲ್ಲಿ ಇನ್ನೆರಡು ಸಂಖ್ಯೆ. ಮೊದಲನೆಯದು 50ರ ಆಸುಪಾಸು ಇದ್ದರೆ ನೆಮ್ಮದಿ. ಆವರಣದ ಎರಡು ಸಂಖ್ಯೆಗಳು ಆ ಎರಡು ಸ್ವರಗಳ ಬಲ. ಎರಡೂ ಸರಿಸಮ ಇದ್ದರೆ ದನಿ ಚೊಕ್ಕ. ಎರಡನೆಯದು ತೀರಾ ಕೆಳಗಿದ್ದರೆ ಸೆಟ್ಟು ಮೇಲಿನ ಸ್ವರವನ್ನು ಕುಗ್ಗಿಸುತ್ತಿದೆ ಅಂತ ಅರ್ಥ, ಸ್ಪೀಕರ್ ಜ್ಯಾಕಿನಿಂದ ದನಿ ತೆಗೆದಾಗ ಸಹಜವಾಗಿ ಹೀಗಾಗುತ್ತದೆ. ಡೈರ್ ವುಲ್ಫ್ ಅದನ್ನು ಬಹಳ ಮಟ್ಟಿಗೆ ಸಂಭಾಳಿಸುತ್ತದೆ, ಹಳೆಯ ಪೆಟ್ಟಿಗೆಗಳು ಅಷ್ಟು ಸಂಭಾಳಿಸುವುದಿಲ್ಲ. ಕಳಿಸುವ ಕಡೆ ಎಲ್ಲರೂ ಮಾಡುವ ತಪ್ಪು ಒಂದೇ, ದನಿ ಜೋರಾಗಿ ಇಡುವುದು. ಜೋರು ಮಾಡಿದಷ್ಟೂ ಪ್ಯಾಕೆಟ್ಟು ಹರಿದು ಚಿಂದಿಯಾಗುತ್ತದೆ. ಇನ್ನೊಂದು ಸೆಟ್ಟಿನಲ್ಲಿ ನಿಮ್ಮದೇ ಪ್ಯಾಕೆಟ್ ಕೇಳುತ್ತ ನಿಧಾನ ಏರಿಸಿ, ದನಿ ಇನ್ನು ದೊಡ್ಡದಾಗುತ್ತಿಲ್ಲ ಅನ್ನಿಸಿದ ಜಾಗದಿಂದ ನಾಲ್ಕು ಹೆಜ್ಜೆ ಹಿಂದೆ ಬನ್ನಿ.

ನನಗೆ ಮೊದಲ ಬೇಸಿಗೆಯಲ್ಲಿ ಎರಡು ಕಾಟ ಇದ್ದವು. ಲ್ಯಾಪ್‌ಟಾಪ್ ಚಾರ್ಜಿಗೆ ಹಾಕಿದ ಕೂಡಲೇ ದನಿಯಲ್ಲಿ ಜೇನ್ನೊಣ ಹೊಕ್ಕ ಹಾಗೆ ಗುಂಯ್ ಅನ್ನುತ್ತಿತ್ತು, ಒಂದೂ ಪ್ಯಾಕೆಟ್ ಬಿಚ್ಚಿಕೊಳ್ಳುತ್ತಿರಲಿಲ್ಲ. ಚಾರ್ಜರ್ ಕಿತ್ತರೆ ಚೊಕ್ಕ. ಎರಡನೆಯದು ಇನ್ನೂ ಕೆಟ್ಟದ್ದು: ಒಮ್ಮೆ ಮಾತಾಡಲು ಶುರು ಮಾಡಿದ ಸೆಟ್ಟು ಬಿಡುತ್ತಲೇ ಇರಲಿಲ್ಲ, ಕೆಂಪು ದೀಪ ಹಾಗೇ ಉರಿಯುತ್ತಿತ್ತು. ಆಂಟೆನಾದ ಅಲೆ ಯುಎಸ್‌ಬಿ ವೈರಿಗೆ ಹೊಕ್ಕು ಅಡಾಪ್ಟರನ್ನು ಮಂಕು ಮಾಡುತ್ತಿತ್ತು. ವೈರು ಗಿಡ್ಡ ಮಾಡಿ, ಹಳೆಯ ಮಾನಿಟರ್ ಕೇಬಲ್ಲಿನಿಂದ ತೆಗೆದ ಫೆರೈಟ್ ಗುಂಡನ್ನು ಅದಕ್ಕೆ ಏರಿಸಿ, ಆಂಟೆನಾವನ್ನು ಮಾಳಿಗೆಗೆ ಸಾಗಿಸಿದ ಮೇಲೆ ಬಿಟ್ಟಿತು.

ಇದಕ್ಕೆ ಬದಲು ಯಾವುವು

ಬ್ಲೂಟೂತ್ ಇರುವ ಕೈ ಸೆಟ್ಟು ಒಂದು ದಾರಿ. ವೆರೋ ವಿಆರ್-ಎನ್76, ಬಿಟೆಕ್ ಯುವಿ-ಪ್ರೊ ತರಹದವುಗಳ ಒಳಗೇ ಟಿಎನ್‌ಸಿ ಇದೆ, ಫೋನಿಗೆ ಬ್ಲೂಟೂತ್‌ನಲ್ಲಿ ಜೋಡಿಸಿ ಎಪಿಆರ್‌ಎಸ್‌ಡ್ರಾಯ್ಡ್ ಎಂಬ ಆಪ್ ತೆರೆದರೆ ನಕ್ಷೆ ಕಾಣುತ್ತದೆ. ಕೇಬಲ್ಲಿನ ಕಿರಿಕಿರಿ ಪೂರ್ತಿ ಹೋಗುತ್ತದೆ. ದಾರಿಯ ಮೇಲೆ ಹೆಚ್ಚು ಇರುವವರಿಗೆ, ಬೈಕಿನಲ್ಲಿ ಹೈದರಾಬಾದ್ ಓಡಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಆದರೆ ಒಳಗೆ ಏನು ನಡೆಯುತ್ತಿದೆ ಅಂತ ಕಾಣುವುದಿಲ್ಲ, ಕೆಲಸ ಮಾಡದಿದ್ದರೆ ಯಾಕೆ ಅಂತ ತಿಳಿಯುವ ದಾರಿಯೂ ಇಲ್ಲ. ಕಲಿಯಬೇಕು ಅನ್ನುವವರಿಗೆ ಅಲ್ಲ. ಇರುವ ಸೆಟ್ಟಿಗೇ ಬ್ಲೂಟೂತ್ ಬೇಕೆಂದರೆ ಮೊಬಿಲಿಂಕ್ಡ್ ಅಂತ ಸಣ್ಣ ಪೆಟ್ಟಿಗೆ ಬರುತ್ತದೆ, ಗುಣ ಒಳ್ಳೆಯದು, ಹೊರದೇಶದಿಂದ ತರಿಸಬೇಕು.

ಕೆನ್‌ವುಡ್ ಟಿಎಚ್-ಡಿ75, ಟಿಎಂ-ಡಿ710 ತರಹದವು ಎಲ್ಲವೂ ಒಳಗೇ ಇರುವ ಸೆಟ್ಟುಗಳು. ಬಾಹ್ಯಾಕಾಶ ನಿಲ್ದಾಣದಲ್ಲಿ ಇರುವುದೂ ಡಿ710ರ ತಮ್ಮನೇ. ಕೈಯಲ್ಲಿ ದುಡ್ಡಿದ್ದರೆ ಬೇಡ ಅನ್ನಲು ನಾನ್ಯಾರು? ಮೊದಲ ಸೆಟ್ಟಾಗಿ ಮಾತ್ರ ಬೇಡ ಅನ್ನುತ್ತೇನೆ.

ಮನೆಯಲ್ಲಿ ಕಾಯಂ ಸ್ಟೇಷನ್ ಇಡುವವರು ಕೈ ಸೆಟ್ಟು ಬಿಟ್ಟು ಹಿಂಭಾಗದಲ್ಲಿ ಡೇಟಾ ಪೋರ್ಟ್ ಇರುವ ಕಾರಿನ ಸೆಟ್ಟು ನೋಡಲಿ. ಆರು ಪಿನ್ನಿನ ಆ ಪೋರ್ಟಿನಲ್ಲಿ ದನಿ ಮೊಟಕಾಗದೆ ಬರುತ್ತದೆ, ವಾಲ್ಯೂಮ್ ಗುಂಡಿ ಯಾರು ತಿರುಗಿಸಿದರೂ ಪ್ಯಾಕೆಟ್ಟಿಗೆ ಏನೂ ಆಗುವುದಿಲ್ಲ. 9600 ಬಾಡ್ ಬೇಕೆಂದರೂ ಇದೇ ಪೋರ್ಟು ಬೇಕು, ಸ್ಪೀಕರ್ ಜ್ಯಾಕಿನಲ್ಲಿ ಅದು ಆಗದು. 9600 ಅಂದರೆ ಎಂಟು ಪಟ್ಟು ಜೋರು ಅಂದುಕೊಳ್ಳಬೇಡಿ. ಸೆಟ್ಟು ಆನ್ ಆಗಲು ಪ್ರತಿ ಸಲ ಸುಮಾರು 0.3 ಸೆಕೆಂಡ್ ಕಾಯಬೇಕು. 100 ಬೈಟಿನ ಪ್ಯಾಕೆಟ್ಟಿಗೆ 1200ರಲ್ಲಿ ಹತ್ತಿರ ಹತ್ತಿರ 1 ಸೆಕೆಂಡ್, 9600ರಲ್ಲಿ 0.4 ಸೆಕೆಂಡ್. ಲಾಭ ಎರಡೂವರೆ ಪಟ್ಟು, ಅಷ್ಟೇ. ಊರಲ್ಲಿ ಇಬ್ಬರೇ ಇರುವಾಗ 1200 ಸಾಕಾಗಿ ಮಿಗುತ್ತದೆ.

ಹಳೆಯ ಟಿಎನ್‌ಸಿ ಪೆಟ್ಟಿಗೆಗಳು, ಕೆಪಿಸಿ-3 ತರಹದವು, ಯಾರಾದರೂ ಹಿರಿಯ ಹ್ಯಾಮ್ ಕೊಟ್ಟರೆ ಕಣ್ಣಿಗೊತ್ತಿಕೊಂಡು ತಗೊಳ್ಳಿ, ದುಡ್ಡು ಕೊಟ್ಟು ಕೊಳ್ಳಬೇಡಿ. ಪೆಟ್ಟಿಗೆಯೇ ಬೇಕೆಂದರೆ ನಿನೊಟಿಎನ್‌ಸಿ ಕಿಟ್ ಇದೆ, ತಪ್ಪು ತಿದ್ದಿಕೊಳ್ಳುವ ಐಎಲ್2ಪಿ ಪದ್ಧತಿಯೂ ಅದಕ್ಕೆ ಬರುತ್ತದೆ. ಬೆಸುಗೆ ಇಷ್ಟವಿರುವವರಿಗೆ ಒಳ್ಳೆಯ ಎರಡು ಸಂಜೆಯ ಕೆಲಸ.

ಸಾಫ್ಟ್‌ವೇರ್

ವಿಂಡೋಸ್ ಇದ್ದರೆ ಯುಝಡ್7ಎಚ್‌ಓ ಸೌಂಡ್‌ಮೋಡೆಮ್ ಸುಲಭ. ಜಲಪಾತದ ಹಾಗೆ ದನಿ ಇಳಿಯುವುದು ಕಣ್ಣಿಗೆ ಕಾಣುತ್ತದೆ, ಮೌಸಿನಲ್ಲೇ ಎಲ್ಲ ಆಗುತ್ತದೆ. ಡೈರ್ ವುಲ್ಫ್‌ಗೆ ಕಿಟಕಿ, ಚಿತ್ರ ಏನೂ ಇಲ್ಲ. ಒಂದು ಪಠ್ಯ ಕಡತದಲ್ಲಿ ಸೌಂಡ್ ಕಾರ್ಡ್ ಯಾವುದು, ಕಾಲ್‌ಸೈನ್ ಏನು, ಪಿಟಿಟಿ ಎಲ್ಲಿ ಅಂತ ಮೂರು ಸಾಲು ತಿದ್ದಬೇಕು. ಮೊದಲ ದಿನ ಬೇಜಾರು ಬರಿಸುತ್ತದೆ. ಆದರೂ ನನ್ನ ಮತ ಅದಕ್ಕೇ: ವಿಂಡೋಸ್, ಲಿನಕ್ಸ್, ಮ್ಯಾಕ್, ರಾಸ್ಪ್‌ಬೆರಿ ಪೈ ಎಲ್ಲದರಲ್ಲೂ ನಡೆಯುತ್ತದೆ, ಕಿವಿ ಚುರುಕು, ಏನು ತಪ್ಪಾಗಿದೆ ಅಂತ ಇಂಗ್ಲಿಷಿನಲ್ಲಾದರೂ ಬಾಯಿಬಿಟ್ಟು ಹೇಳುತ್ತದೆ.

ಇವೆರಡೂ ಬರೀ ಮೋಡೆಮ್, ಅಂದರೆ ಪ್ಯಾಕೆಟ್ಟನ್ನು ದನಿಯಾಗಿಸುವ, ದನಿಯನ್ನು ಪ್ಯಾಕೆಟ್ಟಾಗಿಸುವ ಕೆಲಸದವು. ಮೇಲೆ ಇನ್ನೊಂದು ಸಾಫ್ಟ್‌ವೇರ್ ಬೇಕು. ಎರಡೂ ಕಂಪ್ಯೂಟರಿನ ಒಳಗಿನ 8000 ನಂಬರಿನ ಪೋರ್ಟಿನಲ್ಲಿ ಕಾಯುತ್ತ ಕೂತಿರುತ್ತವೆ, ಮೇಲಿನದನ್ನು ಅಲ್ಲಿಗೆ ಜೋಡಿಸುವುದು. ನಕ್ಷೆ ಬೇಕಾದರೆ ಯಾಕ್ (YAAC), ಗೆಳೆಯನ ಜೊತೆ ಟೈಪ್ ಮಾಡಿ ಮಾತಾಡಲು ಕ್ಯುಟಿಟರ್ಮ್‌ಟಿಸಿಪಿ, ಬಾಹ್ಯಾಕಾಶ ನಿಲ್ದಾಣಕ್ಕೆ ವಿಂಡೋಸಿನಲ್ಲಿ ಯುಐಎಸ್ಎಸ್. ಊರಲ್ಲಿ ನಾಲ್ಕೈದು ಜನ ಸೇರಿ ಅಂಚೆಪೆಟ್ಟಿಗೆ ನಡೆಸುವ ಆಸೆ ಇದ್ದರೆ ಲಿನ್‌ಬಿಪಿಕ್ಯು, ಅದು ಈಗಲೇ ಬೇಡ. ರೇಡಿಯೋದಲ್ಲಿ ಇ-ಮೇಲ್ ಅಂದರೆ ವಿನ್‌ಲಿಂಕ್, ಅದಕ್ಕೆ ನಿಮ್ಮ ಅಲೆ ಮುಟ್ಟುವಷ್ಟು ಹತ್ತಿರ ಗೇಟ್‌ವೇ, ಅಂದರೆ ರೇಡಿಯೋದಿಂದ ಇಂಟರ್ನೆಟ್ಟಿಗೆ ದಾಟಿಸುವ ಸ್ಟೇಷನ್, ಇರಬೇಕು. ಮೇಲಿನ 28 ಕಿಲೋಮೀಟರಿನ ಲೆಕ್ಕ ಮತ್ತೆ ನೆನಪಿಸಿಕೊಳ್ಳಿ.

ಕನ್ನಡದಲ್ಲಿ ಕಳಿಸಬಹುದೇ ಅಂತ ಕೇಳುವವರಿದ್ದಾರೆ. ಕಳಿಸಬಹುದು, ತುಸು ದುಬಾರಿ. ಇಂಗ್ಲಿಷಿನ ಅಕ್ಷರಕ್ಕೆ 1 ಬೈಟ್, ಕನ್ನಡದ ಒಂದೊಂದು ಅಕ್ಷರಕ್ಕೂ, ಅದರ ಗುಣಿತದ ಗುರುತಿಗೂ, ಒತ್ತಿನ ಮೊದಲು ಬರುವ ವಿರಾಮಕ್ಕೂ ಬೇರೆ ಬೇರೆ 3 ಬೈಟ್. "ಕಲಬುರಗಿ" ಅಂದರೆ 21. ಎಪಿಆರ್‌ಎಸ್ ಸಂದೇಶಕ್ಕೆ 67ರ ಮಿತಿ. "ಕಲಬುರಗಿ ಕಲಬುರಗಿ ಕಲಬುರಗಿ" ಅಂದರೆ 65 ಆಯಿತು, ಉಳಿದ 2ರಲ್ಲಿ ಒಂದು ಕನ್ನಡ ಅಕ್ಷರವೂ ಹಿಡಿಯುವುದಿಲ್ಲ. ಎದುರಿನ ಸಾಫ್ಟ್‌ವೇರಿಗೆ ಯೂನಿಕೋಡ್ ಬಾರದಿದ್ದರೆ ಬರೀ ಚೌಕುಳಿ ಕಾಣುತ್ತವೆ.

ಆಂಟೆನಾ, ಬಿಸಿಲು, ಕರೆಂಟು

ಉಳಿದ ದುಡ್ಡು ಇಲ್ಲಿಗೆ. 2 ಮೀಟರ್ ಬ್ಯಾಂಡಿಗೆ ಕಾಲು ಅಲೆಯ ಕಡ್ಡಿ 49 ಸೆಂಟಿಮೀಟರ್ ಆಸುಪಾಸು. ಒಂದು ಕನೆಕ್ಟರಿಗೆ ಮೇಲೊಂದು, ಕೆಳಗೆ ಬಾಗಿದ ನಾಲ್ಕು ತಾಮ್ರದ ಕಡ್ಡಿ ಬೆಸೆದರೆ ಆಂಟೆನಾ ತಯಾರು. ಸೆಟ್ಟಿನ ಜೊತೆ ಬರುವ ರಬ್ಬರ್ ಕೋಲಿಗೂ ಇದಕ್ಕೂ ಹೋಲಿಕೆಯೇ ಇಲ್ಲ. ನನ್ನ ಕಂಬ ಮಾಳಿಗೆಯ ಮೇಲೆ ಮೂರು ಶಹಾಬಾದ ಫರ್ಸಿಯ ಭಾರದ ಮೇಲೆ ನಿಂತಿದೆ, ಮಳೆಗಾಲದ ಮೊದಲ ಗಾಳಿಗೂ ಅಲುಗಿಲ್ಲ. ಸೆಟ್ಟಿನಿಂದ ಆಂಟೆನಾಕ್ಕೆ ಹೋಗುವ ಕೋಆಕ್ಸ್ ಕೇಬಲ್ಲು ಮಾತ್ರ ಗಿಡ್ಡ ಇರಲಿ. ತೆಳ್ಳನೆಯ ಆರ್‌ಜಿ-58 ಆದರೆ 15 ಮೀಟರಿಗೇ ನಿಮ್ಮ 5 ವಾಟಿನಲ್ಲಿ ಹತ್ತಿರ ಹತ್ತಿರ ಅರ್ಧವನ್ನು ನುಂಗುತ್ತದೆ. ದೂರ ಹೆಚ್ಚಿದ್ದರೆ ದಪ್ಪ ಆರ್‌ಜಿ-213.

ರಾಸ್ಪ್‌ಬೆರಿ ಪೈಯನ್ನು ಮಾಳಿಗೆಯ ತಗಡಿನ ಕೋಣೆಯಲ್ಲಿ ಇಡುವ ಯೋಚನೆ ಮೇ ತಿಂಗಳಲ್ಲಿ ಕೈಕೊಡುತ್ತದೆ. ಹೊರಗೆ 42 ಡಿಗ್ರಿ ಇದ್ದಾಗ ತಗಡಿನ ಕೆಳಗೆ ಎಷ್ಟಿರುತ್ತದೆ ನಮಗೆ ಹೇಳಬೇಕಿಲ್ಲ, ಪೈಯ ಚಿಪ್ಪು 80 ಮುಟ್ಟಿದರೆ ತಾನೇ ನಿಧಾನ ಆಗುತ್ತದೆ. ಕೆಳಗೆ ನೆರಳಲ್ಲಿಡಿ. ಕರೆಂಟಿಗೆ ಯುಪಿಎಸ್‌ನ 12 ವೋಲ್ಟ್, 7 ಆಂಪಿಯರ್-ಅವರ್ ಬ್ಯಾಟರಿ ಸಾಕು. 2020ರ ಅಕ್ಟೋಬರಿನಲ್ಲಿ ಭೀಮಾ ಉಕ್ಕಿದಾಗಿನಿಂದ ನಮ್ಮ ಮನೆಯಲ್ಲಿ ಒಂದು ಯಾವಾಗಲೂ ತುಂಬಿರುತ್ತದೆ.

ಮೇಲಿಂದ

ಅಳಿಯ ಕೊನೆಗೆ ಕೈ ಸೆಟ್ಟು, ಡಿಜಿರಿಗ್, ಅಪ್ಪನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಡೈರ್ ವುಲ್ಫ್ ಅಂತ ಇತ್ಯರ್ಥ ಮಾಡಿದ. ಹಾರ್ಡ್‌ವೇರ್ ಅಂಗಡಿಯಿಂದ ಸ್ಟೀಲಿನ ಅಳತೆ ಟೇಪು, ಪಿವಿಸಿ ಪೈಪು ತಂದು ಕೈಯಲ್ಲಿ ಹಿಡಿಯುವ ಮೂರು ಕಡ್ಡಿಯ ಯಾಗಿ ಆಂಟೆನಾ ಕಟ್ಟಿಕೊಂಡ.

ನಿಲ್ದಾಣ ಸುಮಾರು 400 ಕಿಲೋಮೀಟರ್ ಮೇಲೆ ಸುತ್ತುತ್ತದೆ. ಅಲ್ಲಿಂದ ಬೀದರವೂ ಕಲಬುರಗಿಯೂ ಒಂದೇ ಅಂಗಳ. ಅದರ ರೇಡಿಯೋ 145.825 ಮೆಗಾಹರ್ಟ್ಸ್‌ನಲ್ಲಿ ಕೇಳಿದ ಪ್ಯಾಕೆಟ್ಟನ್ನು ಅದೇ ಫ್ರೀಕ್ವೆನ್ಸಿಯಲ್ಲಿ ಮತ್ತೆ ಕೂಗುತ್ತದೆ. ಸಾಫ್ಟ್‌ವೇರಿನಲ್ಲಿ ಪ್ಯಾಕೆಟ್ಟನ್ನು ಯಾರು ದಾಟಿಸಬೇಕು ಅಂತ ಬರೆಯುವ ದಾರಿಯ ಜಾಗದಲ್ಲಿ ಎಆರ್‌ಐಎಸ್ಎಸ್ ಅಂತ ಹಾಕಬೇಕು, ನೆಲದ ಎಪಿಆರ್‌ಎಸ್‌ನ ದಾರಿ ಅಲ್ಲ. ಒಂದು ಸಲ ಬಂದರೆ ಹತ್ತು ನಿಮಿಷ, ತಲೆಯ ಮೇಲೆ ಬಂದ ನಡುವಿನ ನಾಲ್ಕು ನಿಮಿಷವೇ ನಿಜವಾದ ಸಮಯ. ಕೆಲವು ದಿನ ಮೇಲಿನವರು ಅದನ್ನು ಬಂದ್ ಇಟ್ಟಿರುತ್ತಾರೆ, ಹೊರಡುವ ಮೊದಲು ನೋಡಿಕೊಳ್ಳಿ.

ಮೊದಲ ಎರಡು ದಿನ ಏನೂ ಇಲ್ಲ. ಮೂರನೆಯ ದಿನ ಸಂಜೆ ಆರೂ ಇಪ್ಪತ್ತಕ್ಕೆ ನಾನು ಮಾಳಿಗೆಯ ಮೇಲೆ, ಅವನು ಬೀದರದಲ್ಲಿ, ಕಿವಿಗೆ ಫೋನ್ ಸಿಕ್ಕಿಸಿಕೊಂಡು.

"ಬಂತೇನ್ರಿ?"

"ಇಲ್ಲ. ದನಿ ಕಮ್ಮಿ ಮಾಡು. ಹರೀಲಿಕತ್ತದ."

"ಈಗ್ರಿ?"

ಪರದೆಯ ಮೇಲೆ ಒಂದು ಸಾಲು ಬಿತ್ತು. ಅವನ ಕಾಲ್‌ಸೈನ್, ನಿಲ್ದಾಣದ ಕಾಲ್‌ಸೈನ್, ಅದರ ಪಕ್ಕದಲ್ಲಿ ದಾಟಿಸಿದ್ದೇನೆ ಅನ್ನುವ ನಕ್ಷತ್ರ ಚಿಹ್ನೆ, ಕೊನೆಗೆ ಇಂಗ್ಲಿಷ್ ಅಕ್ಷರದಲ್ಲಿ "ಮಾಮಾ". ಮಟ್ಟ 47.